ಇಂಗ್ಲಿಷ್ ದೊರೆ ಕೊಟ್ಟ ಖುವಾ

ಉಮ್ ರುಗೈಬಾ ಬಾವಿ, ಬಸ್ರಾದಿಂದ ಪಶ್ಚಿಮಕ್ಕೆ ನಾಲ್ಕು ದಿನದ ದಾರಿ
ಸಫರ್ 5. ಇಂಗ್ಲಿಷ್ ಲೆಕ್ಕಕ್ಕೆ 1 ಡಿಸೆಂಬರ್ 1916

ಮಗನೇ ಫವ್ವಾಜ್,

ನಾನು ನಿನ್ನ ಚಿಕ್ಕಪ್ಪ ಮುತ್ಲಕ್ ಹೇಳ್ತಾ ಇದೀನಿ, ಮುಲ್ಲಾ ಅಬೂದ್ ಬರೀತಾ ಇದಾನೆ. ಶುರು ಮಾಡೋಕೆ ಮುಂಚೆ ನಾಲ್ಕು ಬಟ್ಟಲು ಕಾಫಿ ಕುಡಿದ. ಇನ್ನೂ ಕೈಗೆ ಚಳಿಯಂತೆ. (ಸುಳ್ಳು. ಎರಡೇ ಬಟ್ಟಲು. ಅಬೂದ್.)

ಲೋ ಅರ್ಧ ಫಿರಂಗಿ, ಕಿವಿಗೊಟ್ಟು ಕೇಳು. ಇಂಗ್ಲಿಷ್ ದೊರೆ ನಮ್ಮ ಗುಡಾರಕ್ಕೆ ಬಂದ. ಅವನೇ ಅಲ್ಲ, ಅವನ ಕ್ಯಾಪ್ಟನ್. ಏನು ಕಂಡ್ರೂ ಪುಸ್ತಕದಲ್ಲಿ ಬರ್ಕೊಳ್ತಾನೆ. ಬಂದೂಕು ಎಷ್ಟು, ಒಂಟೆ ಎಷ್ಟು, ಮೂಲೇಲಿ ಕೂತಿರೋ ಮುದುಕಿ ಯಾರು. ನಮ್ಮ ಹೆಂಗಸರು ಅವನಿಗೆ ದಫ್ತರದಪ್ಪ ಅಂತ ಹೆಸರಿಟ್ಟಿದಾರೆ. ಕುರಿ ಕೊಯ್ದು ಬಡಿಸಿದ್ವಿ. ತಿಂದ. ಆಮೇಲೆ ಮಾತು ತೆಗೆದ. ತುರ್ಕರಿಗೆ ಹೋಗೋ ಧಾನ್ಯದ ಒಂಟೆಸಾಲು ನಮ್ಮ ಬಾವಿ ದಾಟಬಾರದು, ಅವರು ಮರಳಲ್ಲಿ ನೆಡ್ತಿರೋ ತಂತಿಕಂಬ ಯಾರೂ ಮುಟ್ಟಬಾರದು. ಅದಕ್ಕೆ ಅವರ ದೊರೆ ತಿಂಗಳು ತಿಂಗಳು ಚಿನ್ನ ಕೊಡ್ತಾನಂತೆ.

ಮರವೇ ಇಲ್ಲದ ನಾಡಲ್ಲಿ ಕಂಬ ನೆಟ್ಟು ಸೌದೆ ಮಾಡ್ಕೋಬೇಡಿ ಅಂತಾರಲ್ಲ, ಎಂಥಾ ಜನ! ಆದ್ರೂ ಒಪ್ಪಿದೆ, ಅವನ ಕರಾರಿಗೆ ಮುದ್ರೆ ಒತ್ತಿದೆ. ಯಾಕೆ ಗೊತ್ತಾ? ಇದು ಖುವಾ ಕಣೋ. ತೀರಿಹೋದ ನಮ್ಮಣ್ಣ ಹಜ್ಜಾನ ಮಗ ನೀನು, ಆದ್ರೆ ಒಂಬತ್ತು ವರ್ಷಕ್ಕೇ ಹಾಸ್ಟೆಲಿಗೆ ಹೋದೋನು, ಮರೆತಿರ್ತೀಯ. ಬಲ ಇಲ್ಲದೋನು ಬಲ ಇರೋನಿಗೆ ಕೊಡೋದು ಖುವಾ. ಕೊಟ್ಟೋನು ನಮ್ಮ ತಮ್ಮ ಆಗ್ತಾನೆ. ಅವನ ಸೂಜಿ ಕಳೆದ್ರೂ ನಾವು ಹುಡುಕಿ ತಂದ್ಕೊಡಬೇಕು. ಕುರಿ ಕಾಯೋರು ಕೊಟ್ಟಿದಾರೆ, ಖರ್ಜೂರದ ಊರೋರು ಕೊಟ್ಟಿದಾರೆ. ನಮ್ಮ ಅಜ್ಜನ ಅಜ್ಜನ ಕಾಲದಿಂದ ಒಬ್ಬ ದೊರೆನೂ ಕೊಟ್ಟಿದ್ದಿಲ್ಲ. ಈಗ ಕೊಟ್ಟ! ನನ್ನ ಮಗ, ನಿನ್ನ ತಮ್ಮ ದಹ್ಹಾಮ್ ಅಂತೂ ನಕ್ಕು ನಕ್ಕು ಕಾಫಿ ಚೆಲ್ಲಿದ.

ಇದರ ಜೊತೆ ದೊರೆಗೆ ಒಂದು ಕಾಗದ ಇದೆ. 'ನನ್ನ ತಮ್ಮ, ಇಂಗ್ಲಿಷರ ದೊರೆಗೆ' ಅಂತ ಶುರುವಾಗುತ್ತೆ. ಇಂಗ್ಲಿಷಿಗೆ ತಿರುಗಿಸಿ ಬೊಂಬಾಯಿನ ಅವರ ಕಚೇರಿಗೆ ಕೊಡು. ಬಸ್ರಾದ ದುಭಾಷಿ ಕ್ಯಾಪ್ಟನ್ನಿನ ಅನ್ನ ತಿನ್ನೋನು, ಅವನ ನಾಲಗೆ ನಂಬಲ್ಲ. ನಮ್ಮ ರಕ್ತದ ನಾಲಗೆ ಬೇಕು ಅಂದೆ. ದಫ್ತರದಪ್ಪ ಅದನ್ನೂ ಬರ್ಕೊಂಡ.

ನಿನ್ನ ಖರ್ಚು ನೋಡ್ಕೊಳ್ತಿರೋ ಕುದುರೆ ವ್ಯಾಪಾರಿ ಹಾಜಿ ಬರ್ರಾಕನಿಗೆ ಸಲಾಮು ಹೇಳು.

ಮುತ್ಲಕ್

*

ಬೊಂಬಾಯಿ, ಕಾಲೇಜು ಹಾಸ್ಟೆಲ್
27 ಡಿಸೆಂಬರ್ 1916

ಪೂಜ್ಯ ಚಿಕ್ಕಪ್ಪನವರಿಗೆ ಫವ್ವಾಜ್ ಮಾಡುವ ಸಲಾಮುಗಳು.

ನಿಮ್ಮ ಪತ್ರ ತಲುಪಿತು. ನಾನು ಕ್ಷೇಮ. ಮೊದಲ ವರ್ಷದ ಪಾಠಗಳು ಕಷ್ಟವಾಗಿವೆ. ಎಲ್ಲಕ್ಕಿಂತ ತರ್ಕಶಾಸ್ತ್ರ ಕಷ್ಟ. ಮೇಷ್ಟರು ಏನಾದರೂ ಕೇಳಿದರೆ ಉತ್ತರ ಗೊತ್ತಿದ್ದರೂ ನಾಲಗೆ ಅಂಗುಳಿಗೆ ಅಂಟಿಕೊಳ್ಳುತ್ತದೆ. ಆದರೂ ಓದುತ್ತಿದ್ದೇನೆ. ಚಿಂತೆ ಮಾಡಬೇಡಿ.

ದೊರೆಗೆ ಬರೆದ ಕಾಗದವನ್ನು ಇಂಗ್ಲಿಷಿಗೆ ತಿರುಗಿಸಿ ಕಚೇರಿಗೆ ಕೊಟ್ಟೆ. ಅವರ ರೂಢಿಗೆ ತಕ್ಕಂತೆ ಒಂದೆರಡು ಮಾತು ಹಿಂದೆಮುಂದೆ ಮಾಡಬೇಕಾಯಿತು. ಕಚೇರಿಯವರಿಗೆ ಬಹಳ ಸಂತೋಷವಾಯಿತು. ಚಿಕ್ಕಮ್ಮನಿಗೂ ದಹ್ಹಾಮನಿಗೂ ನನ್ನ ನೆನಪು ತಿಳಿಸಿ.

ನಿಮ್ಮ ಮಗ
ಫವ್ವಾಜ್

(ಒಳಗೆ ಮಡಚಿಟ್ಟ ಚೀಟಿ)

ಮುಲ್ಲಾ ಸಾಹೇಬರಿಗೆ ಮಾತ್ರ. ದಯವಿಟ್ಟು ಗುಡಾರದಲ್ಲಿ ಓದಬೇಡಿ.

ಚಿಕ್ಕಪ್ಪ ಮುದ್ರೆ ಒತ್ತಿದ ಇಂಗ್ಲಿಷ್ ಕರಾರಿನ ಪ್ರತಿಯನ್ನು ಕಚೇರಿಯಲ್ಲಿ ನೋಡಿದೆ. ಅದರಲ್ಲಿ ಅಣ್ಣತಮ್ಮ ಎಂಬ ಮಾತೇ ಇಲ್ಲ. 'ಶೇಖನು ವಿಧೇಯನಾಗಿರುವವರೆಗೆ ಸರ್ಕಾರ ಕೃಪೆಯಿಂದ ಕೊಡುವ ಸಹಾಯಧನ, ಸರ್ಕಾರಕ್ಕೆ ಬೇಡವೆನಿಸಿದ ದಿನ ನಿಲ್ಲಿಸತಕ್ಕದ್ದು' ಎಂದಿದೆ. ಇಂಗ್ಲಿಷರನ್ನು ತಾವು ಕಾಯುತ್ತಿದ್ದೇವೆಂದು ಚಿಕ್ಕಪ್ಪ ಅಂದುಕೊಂಡಿದ್ದಾರೆ. ಇವರು ಚಿಕ್ಕಪ್ಪನನ್ನು ಕೊಂಡುಕೊಂಡೆವೆಂದುಕೊಂಡಿದ್ದಾರೆ. ನಡುವೆ ನಾನೊಬ್ಬ. 'ನನ್ನ ತಮ್ಮ ದೊರೆಗೆ' ಎಂದು ಹೇಗೆ ಬರೆಯಲಿ? 'ಮಹಾಪ್ರಭುಗಳಿಗೆ, ತಮ್ಮ ವಿಧೇಯ ಸೇವಕ' ಎಂದು ಬರೆದೆ.

ಇನ್ನೊಂದು ವಿಷಯ. ಹೋದ ವರ್ಷದಿಂದ ನನ್ನ ಫೀಸನ್ನೂ ಊಟದ ಖರ್ಚನ್ನೂ ಕೊಡುತ್ತಿರುವುದು ಹಾಜಿಯವರಲ್ಲ, ಅದೇ ಕಚೇರಿ. ಯುದ್ಧದಿಂದ ಕುದುರೆ ಹಡಗುಗಳು ನಿಂತು ಹಾಜಿಯವರ ಕೈ ಬರಿದಾಗಿತ್ತು. ನಾನೇ ಕಚೇರಿಗೆ ಹೋಗಿ ಅರ್ಜಿ ಕೊಟ್ಟೆ. ಚಿಕ್ಕಪ್ಪನಿಗೆ ಹೇಳಬೇಡಿ. ದಮ್ಮಯ್ಯ.

*

ಉಮ್ ರುಗೈಬಾ
ಮೊದಲ ಜುಮಾದಾ 10. ಇಂಗ್ಲಿಷಿನ 4 ಮಾರ್ಚ್ 1917

ಮಗನೇ,

ದಹ್ಹಾಮ್ ಹೋದ.

ತಂತಿ ಎಳೆಯೋ ಇಂಗ್ಲಿಷರ ಆರು ಒಂಟೆನ ಆಲ್ ಬುರೈಕ್ ಕುಲದ ಪುಂಡರು ಹೊಡ್ಕೊಂಡು ಹೋಗಿದ್ರು. ಖುವಾ ಕೊಟ್ಟೋನ ಒಂಟೆ. ಕೂತಿರೋಕಾಗುತ್ತಾ? ಹನ್ನೆರಡು ಜನ ಹೊರಟ್ವಿ. ಮೂರನೇ ದಿನ ಸಿಕ್ರು. ಎಲ್ಲಾ ಮುಗಿದ ಮೇಲೆ ಒಂದು ಗುಂಡು ಎಲ್ಲಿಂದಲೋ ಬಂತು, ದಹ್ಹಾಮನ ಕುತ್ತಿಗೆಗೆ. ಕುದುರೆ ಮೇಲಿಂದ ಬೀಳಲಿಲ್ಲ ನನ್ನ ಮಗ. ಹತ್ತಿರದ ಬಾವಿ ತನಕ ಕೂತೇ ಬಂದ. ಇಳಿಸಿದಾಗ ಇರಲಿಲ್ಲ.

ಆರು ಒಂಟೆ ವಾಪಸ್ ಕೊಟ್ಟೆ. ಜೊತೆಗಿದ್ದ ಹಗ್ಗ, ಎರಡು ನೀರಿನ ತೊಗಲುಚೀಲ, ಒಂದು ಸುತ್ತಿಗೆ, ಅದೂ ಕೊಟ್ಟೆ. ದಫ್ತರದಪ್ಪ ಬಂದು ಟೋಪಿ ತೆಗೆದ. ಆಮೇಲೆ ಒಂದು ಚೀಲ ಚಾಚಿದ.

"ಏನಪ್ಪಾ ಇದು?" ಅಂದೆ.

"ನಿಷ್ಠೆಯ ಸೇವೆಗೆ ಸರ್ಕಾರದ ಬಹುಮಾನ, ಶೇಖ್."

"ಸೇವೆ ಯಾರು ಮಾಡಿದ್ರು? ಖುವಾ ತಗೊಂಡೋನ ಕೆಲಸ ಇದು. ಕೂಲಿ ಅಲ್ಲ. ಒಳಗಿಟ್ಕೋ."

ಅವನ ದುಭಾಷಿ ಏನು ತಿರುಗಿಸಿದ್ನೋ, ಕ್ಯಾಪ್ಟನ್ ಮುಖ ಕೆಂಪಾಯ್ತು. ಚೀಲ ಒಳಗಿಟ್ಕೊಂಡ, ಪುಸ್ತಕ ತೆಗೆದ.

ಈ ವಿಷಯನೂ ದೊರೆಗೆ ಬರೆದಿದೀನಿ. ಜೊತೆಗಿದೆ. 'ನಿನ್ನ ಒಂಟೆಗೆ ನನ್ನ ಮಗನ್ನ ಕೊಟ್ಟೆ, ತಮ್ಮಾ, ಅದಕ್ಕೆ ಬೆಲೆ ಹೇಳಬೇಡ' ಅಂತ. ಸರಿಯಾಗಿ ತಿರುಗಿಸು. ನಿನ್ನ ಚಿಕ್ಕಮ್ಮ ಮಾತಾಡ್ತಿಲ್ಲ. ಒಂಟೆ ಹಾಲು ಕರೀತಾಳೆ, ಚೆಲ್ತಾಳೆ.

ಮುತ್ಲಕ್

(ಫವ್ವಾಜ್, ಇದು ನನ್ನ ಮಾತು. ಗುಡಾರದಲ್ಲಿ ಕಾಗದ ಅಂದ್ರೆ ಎಲ್ಲರ ಕಿವಿಗೆ. ಗುಟ್ಟಿನ ಕಾಗದ ಅನ್ನೋದು ನಮ್ಮಲ್ಲಿಲ್ಲ, ಹಾಸ್ಟೆಲಿನಲ್ಲಿ ಕಲಿತೆಯಾ? ನಲವತ್ತು ವರ್ಷದಲ್ಲಿ ಮೊದಲ ಸಲ ಒಂದು ಚೀಟಿ ಬಚ್ಚಿಟ್ಟಿದ್ದೇನೆ. ಎರಡನೇ ಸಲ ಬಚ್ಚಿಡಲ್ಲ. ಅಬೂದ್.)

*

ಬೊಂಬಾಯಿ
2 ಏಪ್ರಿಲ್ 1917

ಚಿಕ್ಕಪ್ಪ,

ಪತ್ರ ಹಿಡಿದುಕೊಂಡು ಹಾಜಿ ಬರ್ರಾಕರ ಲಾಯಕ್ಕೆ ಹೋದೆ. ಅವರು ಒಂದು ಹೆಣ್ಣುಕುದುರೆಯ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದರು. ಓದಿ ಹೇಳಿದೆ. ಕೈ ನಿಲ್ಲಿಸಲಿಲ್ಲ, ತಿಕ್ಕುತ್ತಲೇ ಅತ್ತರು. ನನಗೆ ಅಲ್ಲಿ ಅಳು ಬರಲಿಲ್ಲ. ಹಾಸ್ಟೆಲಿಗೆ ಬಂದು, ಕೋಣೆಯಲ್ಲಿ ಇಬ್ಬರು ಜೊತೆಗಾರರಿದ್ದರೆಂದು ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ದಹ್ಹಾಮ್ ನನಗಿಂತ ಎರಡು ವರ್ಷಕ್ಕೆ ಚಿಕ್ಕವನು. ಆದರೂ ಬರಿಬೆನ್ನಿನ ಕುದುರೆ ಹತ್ತುವುದನ್ನು ನನಗೆ ಕಲಿಸಿದವನು ಅವನೇ. "ಕಣ್ಣು ಮುಚ್ಕೊಂಡು ಹತ್ತು, ಬಿದ್ರೆ ಗೊತ್ತಾಗಲ್ಲ" ಅನ್ನುತ್ತಿದ್ದ.

ದೊರೆಗೆ ಬರೆದದ್ದನ್ನು ತಿರುಗಿಸಿ ಕೊಟ್ಟೆ.

ಹೋದ ವಾರ ಕಾಲೇಜಿನಲ್ಲಿ ಬಹುಮಾನದ ಸಮಾರಂಭ ನಡೆಯಿತು. ಮುಖ್ಯ ಅತಿಥಿ ಒಬ್ಬ ದೊಡ್ಡ ಸಾಹೇಬ. ಭಾಷಣದ ನಡುವೆ ನನ್ನನ್ನು ಎಬ್ಬಿಸಿ ನಿಲ್ಲಿಸಿದರು. "ಈ ಹುಡುಗನ ಚಿಕ್ಕಪ್ಪ ನಮ್ಮ ಉಪ್ಪು ತಿಂದವನು. ನಮಗಾಗಿ ಸ್ವಂತ ಮಗನ ಪ್ರಾಣವನ್ನೇ ಕೊಟ್ಟ. ಸ್ವಾಮಿನಿಷ್ಠೆ ಎಂದರೆ ಇದು" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಚಿಕ್ಕಪ್ಪ. ಯಾಕೆ ತಟ್ಟಿದೆನೋ ಗೊತ್ತಿಲ್ಲ. ಎಲ್ಲರ ಕೈ ಆಡುತ್ತಿತ್ತು.

ತರ್ಕಶಾಸ್ತ್ರದ ತರಗತಿಯಲ್ಲಿ ಒಂದು ಪ್ರಶ್ನೆ ಬಂದಿದೆ. ನಿಮ್ಮನ್ನು ಕೇಳೋಣವೆನಿಸಿತು. ಒಬ್ಬ ಕೊಡುತ್ತಿರುವುದು ಖುವಾ ಎಂದು ಅವನಿಗೇ ಗೊತ್ತಿಲ್ಲದಿದ್ದರೆ, ಅದು ಖುವಾ ಆಗುತ್ತದೆಯೇ? ಸುಮ್ಮನೆ ಕೇಳಿದೆ.

ಫವ್ವಾಜ್

*

ಉಮ್ ರುಗೈಬಾ
ಶಾಬಾನ್ 7. ಇಂಗ್ಲಿಷಿನ 29 ಮೇ 1917

ಮಗನೇ,

ನಿನ್ನ ದೊಡ್ಡ ಸಾಹೇಬನಿಗೆ ಯಾರೋ ತಪ್ಪು ಹೇಳಿರ್ಬೇಕು, ನಮ್ಮ ಕುರಿ ತಿಂದೋರು ಅವರು, ಅವರ ಉಪ್ಪು ತಿಂದೋನು ನಾನಲ್ಲ. ನಿನ್ನ ತರ್ಕಶಾಸ್ತ್ರದ ಪ್ರಶ್ನೆ ಗುಡಾರದಲ್ಲಿ ಓದಿದಾಗ ಎಲ್ಲಾ ನಕ್ರು. ನಾನು ನಗಲಿಲ್ಲ. ಉತ್ತರ ಇಷ್ಟು: ತಗೊಂಡೋನಿಗೆ ಗೊತ್ತಿದ್ರೆ ಸಾಕು. ಮಾತಿಗೆ ಕಟ್ಟುಬೀಳೋನು ತಗೊಂಡೋನು. ಅವನು ತಿಳಿದೇ ಕಟ್ಟುಬಿದ್ದ. ಇನ್ನೊಬ್ಬನ ತಲೇಲಿ ಏನಿತ್ತು ಅಂತ ಸತ್ತ ಮಗ ಎದ್ದು ಬಂದು ಕೇಳಲ್ಲ.

ಯಾಕೆ ಕೇಳ್ದೆ ಅಂತ ಮಾತ್ರ ಯೋಚನೆ ಮಾಡ್ತಿದೀನಿ.

ಈಗ ವಿಷಯಕ್ಕೆ ಬಾ. ಬಿಸಿಲು ಹತ್ತಿದೆ. ಉತ್ತರದ ಹೊಂಡಗಳೆಲ್ಲಾ ಬತ್ತಿವೆ. ಆಲ್ ಬುರೈಕ್ ನಮ್ಮ ಬಾವಿಗೆ ಬಂದ್ರು. ಹೌದು ಕಣೋ, ದಹ್ಹಾಮನ್ನ ಕೊಂದೋರೇ. ಗಂಡಸರು ದೂರ ನಿಂತ್ರು, ಹೆಂಗಸರನ್ನೂ ಮಕ್ಕಳನ್ನೂ ಮುಂದೆ ಕಳಿಸಿದ್ರು. ನಿನ್ನ ಚಿಕ್ಕಮ್ಮ ಎದ್ದು ಹೋದ್ಲು. ಬೈತಾಳೆ ಅಂದ್ಕೊಂಡೆ. ಹಗ್ಗ ಹಿಡ್ದು ನೀರು ಸೇದಿ ಅವರ ತೊಟ್ಟಿಗೆ ಹುಯ್ದಳು. ಮೂರು ತಿಂಗಳ ಮೇಲೆ ಅವತ್ತು ಬಾಯಿ ಬಿಟ್ಲು. "ರಕ್ತದ ಮಾತು ಗಂಡಸರ ಹತ್ರ ಆಮೇಲೆ ಆಡೋಣ. ಕುಡೀರಿ" ಅಂದ್ಲು.

ಮೂರನೇ ದಿನ ದಫ್ತರದಪ್ಪ ಬಂದ. ಆಲ್ ಬುರೈಕ್ ತುರ್ಕರ ಕಡೆಯೋರಂತೆ. ಬಾವಿಗೆ ಕಬ್ಬಿಣದ ಮುಚ್ಚಳ ಹಾಕಿ ಬೀಗ ಜಡೀಬೇಕಂತೆ, ಬೀಗದ ಕೈ ಅವನ ಹತ್ರ ಇರುತ್ತಂತೆ. ಇಲ್ಲಾಂದ್ರೆ ಚಿನ್ನ ನಿಲ್ಲುತ್ತಂತೆ.

"ಬಾವಿಗೆ ಬೀಗ ಹಾಕಿದೋನ ಹೆಸರು ನಮ್ಮಲ್ಲಿ ಮಕ್ಕಳಿಗೆ ಇಡಲ್ಲ" ಅಂದೆ.

"ಸರ್ಕಾರದ ಆಜ್ಞೆ, ಶೇಖ್."

"ಆಜ್ಞೆನಾ? ಖುವಾ ಕೊಡೋನು ಆಜ್ಞೆ ಮಾಡೋದನ್ನ ಇವತ್ತೇ ಕೇಳ್ದೆ ನೋಡು."

ಈ ತಿಂಗಳ ಚೀಲ ತಂದಿದ್ದ. ಬಿಚ್ಚದೇ ಅವನ ಒಂಟೆಗೇ ಕಟ್ಟಿ ಕಳಿಸಿದೆ.

ತಮ್ಮಿಕೆ ಮುರಿಯೋಕೂ ಒಂದು ದಾರಿ ಇದೆ. ಕಳ್ಳನ ಥರ ಮುರಿಯೋ ಹಾಗಿಲ್ಲ. ಮೊದಲು ಹೇಳಬೇಕು, ದಿನ ಕೊಡಬೇಕು. ಜೊತೆಗಿರೋ ಕಾಗದ ಅದೇ. 'ನಿನ್ನ ತಮ್ಮಿಕೆ ನಿನಗೆ ವಾಪಸ್. ಬಿಸಿಲು ತಗ್ಗಿ ಸುಹೈಲ್ ನಕ್ಷತ್ರ ಮೂಡೋ ತನಕ ನಿನ್ನ ತಂತಿ, ನಿನ್ನ ಜನ, ನಿನ್ನ ಒಂಟೆ ನಮ್ಮ ಕಾವಲಲ್ಲಿ. ಆಮೇಲೆ ನಿನ್ನ ದಾರಿ ನಿನಗೆ, ನಮ್ಮ ಬಾವಿ ನಮಗೆ.' ಅಷ್ಟೇ. ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆ ಇಲ್ಲ. ಹಾಗೇ ತಿರುಗಿಸು.

ಮುತ್ಲಕ್

*

ಬೊಂಬಾಯಿ
16 ಜೂನ್ 1917

ಮುಲ್ಲಾ ಸಾಹೇಬರೇ, ಇದನ್ನು ಗುಡಾರದಲ್ಲಿ ಎಲ್ಲರ ಮುಂದೆ ಗಟ್ಟಿಯಾಗಿ ಓದಿ. ಚಿಕ್ಕಮ್ಮನನ್ನೂ ಕರೆಯಿರಿ.

ಚಿಕ್ಕಪ್ಪ, ನಿಮ್ಮ ನೋಟೀಸಿನ ಕಾಗದವನ್ನು ಕಚೇರಿಗೆ ಇನ್ನೂ ಕೊಟ್ಟಿಲ್ಲ. ಬಂದು ನಾಲ್ಕು ದಿನವಾಯಿತು. ಹಾಸಿಗೆಯ ಕೆಳಗಿದೆ. ನಾನು ಅದರ ಮೇಲೆ ಮಲಗುತ್ತಿದ್ದೇನೆ, ನಿದ್ದೆ ಬರುತ್ತಿಲ್ಲ.

ಹಿಂದಿನ ಯಾವ ಕಾಗದವನ್ನೂ ನೀವು ಹೇಳಿದಂತೆ ತಿರುಗಿಸಿಲ್ಲ. 'ನನ್ನ ತಮ್ಮ' ಎಂದಲ್ಲೆಲ್ಲ 'ಮಹಾಪ್ರಭು' ಎಂದು ಬರೆದೆ. ದಹ್ಹಾಮನ ವಿಷಯದಲ್ಲಿ 'ಬೆಲೆ ಹೇಳಬೇಡ' ಎಂದು ನೀವು ಬರೆದಿರಿ. ನಾನು 'ಈ ಅಲ್ಪ ಸೇವೆಯನ್ನು ಕೃಪೆಯಿಂದ ಸ್ವೀಕರಿಸಬೇಕು' ಎಂದು ಬರೆದೆ. ಆ ದೊಡ್ಡ ಸಾಹೇಬ ಭಾಷಣದಲ್ಲಿ ಹೇಳಿದ್ದು ಅವನ ಮಾತಲ್ಲ. ನಾನು ಬರೆದುಕೊಟ್ಟ ಮಾತು. ನೀವು ಮುದ್ರೆ ಒತ್ತಿದ ಕರಾರಿನಲ್ಲಿ ನಿಮ್ಮನ್ನು ವಿಧೇಯ ಎಂದಿದ್ದಾರೆ. ಕೊಡುವುದನ್ನು ಸಹಾಯಧನ ಎಂದಿದ್ದಾರೆ. ನನಗೆ ಮೊದಲ ತಿಂಗಳೇ ಗೊತ್ತಿತ್ತು. ಹೇಳಲಿಲ್ಲ.

ಯಾಕೆಂದರೆ ನನ್ನ ಫೀಸು, ಊಟ, ಈ ಕಾಗದ, ಈ ಮಸಿ, ಎಲ್ಲ ಅದೇ ಕಚೇರಿಯದು. ಹಾಜಿಯವರದಲ್ಲ. ಅರ್ಜಿ ಕೊಟ್ಟವನೂ ನಾನೇ. ಮುಲ್ಲಾ ಸಾಹೇಬರಿಗೆ ತಿಳಿದಿತ್ತು. ನಾನು ದಮ್ಮಯ್ಯ ಹಾಕಿ ಬಾಯಿ ಕಟ್ಟಿದ್ದೆ. ಅವರನ್ನು ಬೈಯಬೇಡಿ.

ಮೊನ್ನೆ ಪ್ರಿನ್ಸಿಪಾಲರು ಕರೆಸಿದರು. ಬಾವಿಯ ಜಗಳ ಕಚೇರಿಯಿಂದ ಅವರಿಗಾಗಲೇ ಗೊತ್ತಾಗಿದೆ. "ನಿನ್ನ ಚಿಕ್ಕಪ್ಪ ಸಿಟ್ಟಿನಲ್ಲಿ ಏನಾದರೂ ಬರೆಯಬಹುದು. ನೀನು ಬುದ್ಧಿವಂತ. ಇಷ್ಟು ದಿನ ಹೇಗೆ ತಿರುಗಿಸಿದೆಯೋ ಹಾಗೇ ತಿರುಗಿಸು. ಅವರಿಗೂ ಒಳ್ಳೆಯದು, ನಿನ್ನ ಓದಿಗೂ ಒಳ್ಳೆಯದು" ಎಂದರು. ಟೀ ಕೊಟ್ಟರು. ಕುಡಿದೆ.

ನನಗೆ ಓದಬೇಕೆಂದು ಆಸೆ ಇದೆ, ಚಿಕ್ಕಪ್ಪ. ಅದನ್ನೂ ಮುಚ್ಚಿಡುವುದಿಲ್ಲ. ಈ ಕಾಲೇಜು ಬಿಟ್ಟರೆ ನನಗೆ ಬೇರೆ ಏನೂ ಬರುವುದಿಲ್ಲ. ಕುದುರೆ ಸಹ ಮರೆತುಹೋಗಿದೆ. ನೀವು ಏನು ಹೇಳುತ್ತೀರೋ ಅದನ್ನು ಮಾಡುತ್ತೇನೆ.

ಫವ್ವಾಜ್

*

ಉಮ್ ರುಗೈಬಾ
ರಂಜಾನ್ 18. ಇಂಗ್ಲಿಷಿನ 8 ಜುಲೈ 1917

ಫವ್ವಾಜ್,

ಓದಿದ್ವಿ. ಉಪವಾಸದ ದಿನ, ಸೂರ್ಯ ನೆತ್ತಿ ಮೇಲಿದ್ದ. ಯಾರ ಬಾಯಲ್ಲೂ ನೀರಿಲ್ಲ. ಮೊದಲು ಮುಲ್ಲಾನಿಗೆ ಬೈದೆ. ಮುದುಕ ಗಡ್ಡ ಮುಂದಕ್ಕೆ ಚಾಚಿ "ಹಿಡ್ಕೊಂಡು ಎಳಿ" ಅಂದ. ಎಳೀಲಿಲ್ಲ. ಬಿಳಿ ಗಡ್ಡ.

ಆಮೇಲೆ ನಿನಗೆ ಬೈದೆ. ಏನು ಬೈದೆ ಅಂತ ಮುಲ್ಲಾ ಬರಿಯಲ್ಲ ಅಂತಾನೆ, ರಂಜಾನಂತೆ.

ನನ್ನ ಮಗ ತಮ್ಮನ ಒಂಟೆಗೆ ಸತ್ತ ಅಂತ ಎದೆ ಸೆಟೆಸಿಕೊಂಡು ಓಡಾಡ್ತಿದ್ದೆ. ಅವರ ಪುಸ್ತಕದಲ್ಲಿ ಆಳು ಸತ್ತ ಅಂತ ಇದೆ. ಹಾಗೆ ಬರೆಸಿದ್ದು ನೀನು. ಇದನ್ನ ಹೇಗೆ ನುಂಗಲಿ ನಾನು? ನಿನ್ನ ಹೆಸರು ಗುಡಾರದಲ್ಲಿ ಎತ್ತಬೇಡಿ ಅಂದೆ. ನಿನ್ನ ಚಿಕ್ಕಮ್ಮ ಪರದೆ ಆಚೆಯಿಂದಲೇ ಕೂಗಿದ್ಲು: "ಒಂಬತ್ತು ವರ್ಷದ ಕೂಸನ್ನ ಹಡಗು ಹತ್ತಿಸಿದೋರು ಯಾರು? ವರ್ಷಕ್ಕೊಂದು ಸಲನಾದ್ರೂ ಹೋಗಿ ನೋಡಿದ್ರಾ? ಯಾರ ಅನ್ನ ತಿಂತಿದಾನೆ ಅಂತ ಕೇಳಿದ್ರಾ? ಈಗ ಕೇಳ್ತಾರಂತೆ!" ಅಂತ. ಅವಳ ಬಾಯಿ ತೆರೆದಾಗಿನಿಂದ ನಮಗೆ ನೆಮ್ಮದಿ ಇಲ್ಲ.

ಹಿರಿಯರು ಕೂತು ತೀರ್ಮಾನ ಕೊಟ್ಟಿದಾರೆ. ಕೇಳು.

ನಮ್ಮ ಮಾತನ್ನ ಕೆಡಿಸಿ ನಿನ್ನ ಮುಖ ಕಪ್ಪು ಮಾಡ್ಕೊಂಡಿದೀಯ. ಕಪ್ಪಾದ ಮುಖ ಕಾಗದದಿಂದ ಬೆಳ್ಳಗಾಗಲ್ಲ. ಯಾವ ಕಿವಿಗೆ ಸುಳ್ಳು ಹೋಯ್ತೋ ಅದೇ ಕಿವಿಗೆ ನಿಜ ಹೋಗಬೇಕು, ಬಾಯಿಂದ, ಇಬ್ಬರು ಸಾಕ್ಷಿ ಎದುರಿಗೆ. ಆ ಕಚೇರಿಗೆ ನಡ್ಕೊಂಡು ಹೋಗು. ನಿಂತ್ಕೋ. 'ಅದು ನನ್ನ ಮಾತಾಗಿತ್ತು, ಇದು ನನ್ನ ಚಿಕ್ಕಪ್ಪನ ಮಾತು' ಅಂತ ಹೇಳು. ಎಲ್ಲಾ ಕಾಗದನೂ ಹೇಳು, ಕೊನೇದನ್ನೂ ಹೇಳು. ಅದು ಹೇಳೋ ತನಕ ಸುಹೈಲ್ ಮೂಡಿದ್ರೂ ನಾವು ತಂತಿ ಮುಟ್ಟೋ ಹಾಗಿಲ್ಲ. ನೋಟೀಸು ಮುಟ್ಟದೇ ಕೈ ಎತ್ತಿದ್ರೆ ನಾವೂ ಕಳ್ಳರೇ. ಆಲ್ ಬುರೈಕ್ ಬಾವಿ ಹತ್ರಾನೇ ಇದಾರೆ. ದಫ್ತರದಪ್ಪ ಬೀಗ ಮಾಡಿಸ್ತಿದಾನಂತೆ. ಈಗ ನಾವು ನಿಂತಿರೋದು ನಿನ್ನ ಬಾಯಿ ಮೇಲೆ.

ನಿನಗೆ ಹೆದರಿಕೆ ಆಗುತ್ತೆ, ಗೊತ್ತು. ಆಗ್ಲಿ. ಒಂಟೆ ತನ್ನ ನೆರಳಿಗೂ ಹೆದರುತ್ತೆ, ಆದ್ರೂ ಮರಳುಗಾಡು ದಾಟೋದು ಅದೇ ಅಲ್ವಾ.

ಓದಿನ ಆಸೆ ತಪ್ಪಲ್ಲ. ಅದನ್ನ ಮೊದಲೇ ಹೇಳಿದ್ದಿದ್ರೆ ನನ್ನ ಬಿಳಿ ಕುದುರೆ ಮಾರ್ತಿದ್ದೆ.

ಮುತ್ಲಕ್

*

ಬೊಂಬಾಯಿ, ಹಾಜಿ ಬರ್ರಾಕರ ಲಾಯ
26 ಜುಲೈ 1917

ಚಿಕ್ಕಪ್ಪ,

ಇವತ್ತು ಬೆಳಿಗ್ಗೆ ಹೋಗಿ ಬಂದೆ. ಸಾಕ್ಷಿಗೆ ಹಾಜಿಯವರೂ ಅವರ ಲಾಯದ ಹಿರಿಯಾಳು ಮರ್ಜೂಕನೂ ಬಂದಿದ್ದರು. ಇಬ್ಬರ ಮೈಯಲ್ಲೂ ಕುದುರೆಯ ವಾಸನೆ. ಬಾಗಿಲ ಜವಾನ ಮೂಗು ಮುಚ್ಚಿಕೊಂಡ. "ನಿನ್ನ ಸಾಹೇಬ ಹತ್ತೋದು ಏನನ್ನ, ಮಲ್ಲಿಗೆ ಹೂವನ್ನಾ?" ಎಂದು ಹಾಜಿಯವರು ಕೇಳಿದರು.

ನನ್ನ ಕಾಲು ಮೆಟ್ಟಿಲ ಮೇಲೆ ಎರಡು ಸಲ ನಿಂತಿತು. ಇದನ್ನು ಗುಡಾರದಲ್ಲಿ ಓದಿದರೂ ಪರವಾಗಿಲ್ಲ.

ಕಚೇರಿಯ ಸಾಹೇಬರು "ಕೂತ್ಕೋ" ಎಂದರು.

"ಕೂತು ಹೇಳೋ ಮಾತಲ್ಲ ಸರ್" ಎಂದೆ. ಹಿಂದಿನಿಂದ ಹಾಜಿಯವರು ನಮ್ಮ ಭಾಷೆಯಲ್ಲಿ "ಗಟ್ಟಿಯಾಗಿ ಹೇಳು, ಕುದುರೆ ಹರಾಜು ಕೂಗೋ ಹಾಗೆ" ಎಂದರು.

ಗಟ್ಟಿಯಾಗಿ ಹೇಳಿದೆ. ಒಂದೊಂದೇ ಕಾಗದ. ಮೊದಲು ನಿಮ್ಮ ಮಾತಿನಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ, ಆಮೇಲೆ ಆ ಜಾಗದಲ್ಲಿ ನಾನು ಏನು ಸೇರಿಸಿದ್ದೆ ಎಂಬುದು. ಖುವಾ ಎಂದರೇನೆಂದು ಹೇಳಿದೆ. ನೀವು ಅವರನ್ನು ಏನೆಂದು ಕರೆದಿರೆಂದು ಹೇಳಿದೆ. ಪಕ್ಕದ ಮೇಜಿನ ಗುಮಾಸ್ತರು ಬರೆಯುವುದನ್ನು ನಿಲ್ಲಿಸಿದರು. ದಹ್ಹಾಮನ ಕಾಗದಕ್ಕೆ ಬಂದೆ. ಮರ್ಜೂಕ ಬೆನ್ನ ಮೇಲೆ ಕೈಯಿಟ್ಟ. ಪೂರ್ತಿ ಹೇಳಿದೆ.

"ನಿನ್ನ ಫೀಸು ಯಾರು ಕೊಡ್ತಿದಾರೆ ಅಂತ ಗೊತ್ತಿದೆ ತಾನೆ?" ಎಂದರು ಸಾಹೇಬರು.

"ಗೊತ್ತು ಸರ್. ಅದಕ್ಕೇ ಏಳು ತಿಂಗಳು ಸುಳ್ಳು ಬರೆದೆ."

ಕೊನೆಗೆ ನೋಟೀಸು ಹೇಳಿದೆ. ಅವರು ಎದ್ದು ಕಿಟಕಿಯ ಹತ್ತಿರ ಹೋದರು. "ಇದು ಬೆದರಿಕೆಯಾ?" ಎಂದು ಕೇಳಿದರು.

"ಅಲ್ಲ ಸರ್. ಬೆದರಿಸೋರು ದಿನ ಗೊತ್ತುಮಾಡಿ ಹೇಳಲ್ಲ. ಕಳ್ಳರೂ ಹೇಳಲ್ಲ. ನಾವು ಹೇಳ್ತಿದೀವಿ. ಬಾವಿಗೆ ಬೀಗ ಹಾಕೋಕೆ ನಮ್ಮ ಜನ ಬಿಡಲ್ಲ. ಸುಹೈಲ್ ಮೂಡೋವರೆಗೆ ನಿಮ್ಮ ಒಂದು ಮೊಳೆ ಕಳೆದ್ರೂ ನಾವೇ ಹುಡುಕಿ ತಂದ್ಕೊಡ್ತೀವಿ."

"ನಾವು ಅಂದರೆ ಯಾರು? ನೀನು ಕಾಲೇಜು ಹುಡುಗ."

"ಇವತ್ತಿನ ತನಕ, ಸರ್" ಎಂದೆ. ಹಾಜಿಯವರಿಗೆ ಇಂಗ್ಲಿಷ್ ಬರುವುದಿಲ್ಲ, ಆದರೂ ಯಾಕೋ ಜೋರಾಗಿ ನಕ್ಕರು.

ಮಧ್ಯಾಹ್ನದೊಳಗೆ ಹಾಸ್ಟೆಲಿನಿಂದ ಪೆಟ್ಟಿಗೆ ಹೊರಗಿಟ್ಟಿದ್ದರು. ಪ್ರಿನ್ಸಿಪಾಲರು ಕಾಣಿಸಲಿಲ್ಲ. ತರ್ಕಶಾಸ್ತ್ರದ ಪುಸ್ತಕ ಕಾಲೇಜಿನದಾದ್ದರಿಂದ ಕಿತ್ತುಕೊಂಡರು. ಅದಕ್ಕೆ ಮಾತ್ರ ಸ್ವಲ್ಪ ಅತ್ತೆ. ಸೋಮವಾರ ಖರ್ಜೂರದ ಉಗಿಹಡಗೊಂದು ಬಸ್ರಾಕ್ಕೆ ಹೊರಡುತ್ತದಂತೆ. ಅದರಲ್ಲಿ ಬರುತ್ತಿದ್ದೇನೆ. ಬಸ್ರಾದಲ್ಲಿ ಹಿಡಿದು ಕೂರಿಸಿದರೂ ಕೂರಿಸಬಹುದು. ಹಾಗಾದರೆ ನನಗಾಗಿ ಕಾಯಬೇಡಿ, ಬಾವಿ ಬಿಟ್ಟು ಯಾರೂ ಕದಲಬೇಡಿ. ಬಿಳಿ ಕುದುರೆಯನ್ನೂ ಮಾರಬೇಡಿ. ಹತ್ತಲು ಬಾರದಿದ್ದರೂ ಹಿಡಿದುಕೊಂಡು ಪಕ್ಕದಲ್ಲಿ ನಡೆಯುತ್ತೇನೆ.

ಒಂದು ಮಾತು, ಚಿಕ್ಕಪ್ಪ. ಇದು ಕೇಳಿಕೆಯಲ್ಲ. ಇದನ್ನು ಮುಲ್ಲಾ ಸಾಹೇಬರು ಎರಡು ಸಲ ಓದಲಿ. ಸುಹೈಲ್ ಮೂಡಲು ಇನ್ನೂ ಒಂದು ತಿಂಗಳಿದೆ. ಅಲ್ಲಿಯವರೆಗೆ ನಮ್ಮ ಹುಡುಗರಲ್ಲಿ ಒಬ್ಬನೂ ಆ ತಂತಿಯನ್ನು ಮುಟ್ಟಕೂಡದು. ಎಷ್ಟೇ ಸಿಟ್ಟು ಬರಲಿ, ಸೌದೆ ಎಷ್ಟೇ ಬೇಕಾಗಲಿ, ಒಂದು ಕಂಬವನ್ನೂ ಕೀಳಕೂಡದು. ನಾನು ನನ್ನ ಬಾಯಿಂದ ಮಾತು ಕೊಟ್ಟು ಬಂದಿದ್ದೇನೆ.

ಫವ್ವಾಜ್ ಬಿನ್ ಹಜ್ಜಾ